ಸೋರಿದ ಉಸಿರು

ಊಟಿ, ವಯನಾಡಿನ ದಾರಿಗಳು ಕವಲೊಡೆಯುವ ಗುಂಡ್ಲುಪೇಟೆಯಲ್ಲಿ ಮೆಕ್ಯಾನಿಕ್ ಮೀಟರು ನೋಡಿ ‘ಕಂಪ್ರೆಷನ್ ಇಲ್ಲ’ ಎಂದರೆ ಸಾಕು, ಗಾಡಿಯವನ ಎದೆ ಝಲ್ಲೆನ್ನುತ್ತದೆ. ಅದೇ ಕೊರತೆ ಒಮ್ಮೆ ಡೀಸೆಲ್ ಎಂಜಿನ್ನಿನ ಜನಕ ರುಡಾಲ್ಫ್ ಡೀಸೆಲ್‌ನ ನಿದ್ದೆಯನ್ನೂ ಕದ್ದಿತ್ತು.

1893ರ ಬೇಸಿಗೆ. ಜರ್ಮನಿಯ ಔಗ್ಸ್‌ಬರ್ಗ್ ಕಾರ್ಖಾನೆಯಲ್ಲಿ ಅವನ ಮೊದಲ ಎಂಜಿನ್ ಸಿದ್ಧವಾಯಿತು. ಗಾಳಿಯನ್ನು ಬಲವಾಗಿ ಅದುಮಿದರೆ ಕಾಯುತ್ತದೆ, ಆ ಕಾವಿಗೇ ಇಂಧನ ಹೊತ್ತುತ್ತದೆ, ಕಿಡಿಯ ಹಂಗಿಲ್ಲ ಎಂಬುದು ಅವನ ಲೆಕ್ಕ. ಇಂಧನ ಹಾಕದೆ, ಬೆಲ್ಟಿನಿಂದ ಎಂಜಿನ್ ತಿರುಗಿಸಿ ಒತ್ತಡ ಅಳೆದರು. ವಾತಾವರಣದ 18 ಪಟ್ಟಿಗೇ ಅದು ನಿಂತುಬಿಟ್ಟಿತು. ಅದುಮಿದ ಗಾಳಿ ಸಂದುಗಳಲ್ಲಿ ನುಸುಳಿ ಹೋಗುತ್ತಿತ್ತು.

ಬಿಚ್ಚಿದರು, ತಿದ್ದಿದರು, ಮತ್ತೆ ಜೋಡಿಸಿದರು. ಒತ್ತಡ 30 ಪಟ್ಟು ದಾಟಿತು.

ಆಗಸ್ಟ್ 10ರಂದು ಪೆಟ್ರೋಲ್ ಚಿಮ್ಮಿಸಿದರು. ಗುಂಡು ಹೊಡೆದಂಥ ಸದ್ದು! ಒತ್ತಡ ಅಳೆಯುವ ಉಪಕರಣವೇ ಸಿಡಿದು ಹಾರಿತು. ಅಲ್ಲಿದ್ದವರು ಕೂದಲೆಳೆಯಲ್ಲಿ ಪಾರಾದರು. ಎಂಜಿನ್ ಓಡಲಿಲ್ಲ, ಆದರೆ ಕಿಡಿಯಿಲ್ಲದೆ ಬೆಂಕಿ ಹತ್ತಿತ್ತು. ಸೋಲಿನೊಳಗೇ ಗೆಲುವಿನ ಸುಳಿವು ಸಿಕ್ಕಿತ್ತು.

ಮತ್ತೆ ತಿಂಗಳುಗಟ್ಟಲೆ ರಿಪೇರಿ. 1894ರ ಫೆಬ್ರವರಿ 17. ಎಂಜಿನ್ನನ್ನು ತಿರುಗಿಸುತ್ತಿದ್ದ ಬೆಲ್ಟು ಇದ್ದಕ್ಕಿದ್ದಂತೆ ಜಗ್ಗಿತು. ಈಗ ಎಂಜಿನ್ನೇ ಅದನ್ನು ಎಳೆಯುತ್ತಿತ್ತು! ಮೊದಲು ಗಮನಿಸಿದ ಕೆಲಸಗಾರ ಲಿಂಡರ್ ಮಾತಾಡದೆ ಟೋಪಿ ತೆಗೆದ. ಅದು ಓಡಿದ್ದು ಒಂದೇ ನಿಮಿಷ, 88 ಸುತ್ತು. ಸರಿಯಾಗಿ 3 ವರ್ಷದ ಬಳಿಕ, 1897ರ ಅದೇ ದಿನ, ಪ್ರೊಫೆಸರ್ ಶ್ರೋಟರ್ ಪರೀಕ್ಷಿಸಿದಾಗ ಹೊಸ ಎಂಜಿನ್ ಇಂಧನದ ಶಾಖದ ಶೇಕಡಾ 26.2 ಪಾಲನ್ನು ಕೆಲಸವಾಗಿಸಿತು.

ಔಗ್ಸ್‌ಬರ್ಗ್‌ನ ಪಾಠವೇ ಚಾಮರಾಜನಗರ, ಗುಂಡ್ಲುಪೇಟೆಗಳ ಗ್ಯಾರೇಜುಗಳಿಗೂ ಬಂತು: ಬಿಚ್ಚುವ ಮೊದಲು ಉಸಿರು ಎಲ್ಲಿ ಸೋರುತ್ತಿದೆಯೆಂದು ತಿಳಿ. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿಗೆ ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ಪಿಸ್ಟನ್ ರಿಂಗೋ ಸಿಲಿಂಡರಿನ ಬೋರೋ ಸವೆದಿದೆ. ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಏರದಿದ್ದರೆ ಅನುಮಾನ ವಾಲ್ವಿನ ಮೇಲೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕುಸಿದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ. ಮೊದಲನೆಯದಕ್ಕೆ ಪಿಸ್ಟನ್ ಹೊರಗೆ ತೆಗೆದು ಬೋರ್ ಅಳೆಯಬೇಕು. ಉಳಿದೆರಡಕ್ಕೆ ಹೆಡ್ ಬಿಚ್ಚಿದರೆ ಸಾಕಾದೀತು. ಒಂದು ಚಮಚ ಎಣ್ಣೆಯಲ್ಲಿ ಖರ್ಚಿನ ಅರ್ಧ ಲೆಕ್ಕ ಮುಗಿಯಿತು.