ಕಮ್ಮರಡಿ ಶಾಲೆಯ ಹುಡುಗ ಕಂಡ ಮಾಯೆ... ನಮ್ಮ ಕಣ್ಣಿಗೇಕೆ ಬೀಳಲಿಲ್ಲ?

ಬಸ್ಸಿಳಿದು ಸುತ್ತ ಒಂದು ಸಲ ಕಣ್ಣಾಡಿಸಿದೆ. ಅಂಗಡಿಗಳು, ಚಾ ಹೋಟೆಲು, ಒದ್ದೆ ರಸ್ತೆ, ಅದರಾಚೆ ಅಡಿಕೆ ತೋಟ. ಅಷ್ಟೇ! ಹೀರೋ ಎಂಟ್ರಿ ಕೊಡುವಂಥ ಲೊಕೇಶನ್ನೇ ಅಲ್ಲ.

"ಇಲ್ಲಿ ಯಾರ ಮನೆಗೆ?" ಅಂದ ಕಂಡಕ್ಟರು.

"ಯಾರ ಮನೆಗೂ ಅಲ್ಲ. ಡೈರೆಕ್ಟರ್ ಗಿರೀಶ್ ಕಾಸರವಳ್ಳಿ ಇಲ್ಲೇ ಮಿಡ್ಲ್ ಸ್ಕೂಲ್ ಓದಿದ್ದಂತೆ. ಊರು ನೋಡೋಣ ಅಂತ ಬಂದೆ."

ಆತ ನಕ್ಕುಬಿಟ್ಟ. "ಈ ಊರಲ್ಲಿ ನೋಡೋಕೆ ಎಂತ ಇದೆ ಮಾರಾಯ್ರೆ!" ಅಂತ ಸೀಟಿ ಊದಿದ. ಬಸ್ಸು ಹೋಯ್ತು.

ಅಭಿಮಾನಿ ಗೆಳೆಯರೇ, ಆ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಏಕೆಂದರೆ ಎಷ್ಟೋ ವರ್ಷ ನಾನೂ ಅದೇ ಮಾತು ಆಡಿದವನು. ನನ್ನದು ನರಸಿಂಹರಾಜಪುರದ ಕಡೆ ಒಂದು ಹಳ್ಳಿ. ಮಳೆ, ಜಿಗಣೆ, ಕರೆಂಟಿಲ್ಲದ ರಾತ್ರಿ. "ಇಲ್ಲೇನಿದೆ ಮಣ್ಣು! ಇರೋದೆಲ್ಲ ಗಾಂಧಿನಗರದಲ್ಲಿ" ಅಂತ ಪಿಯುಸಿ ಅರ್ಧಕ್ಕೆ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದವನು. ಆ ಕಥೆ ಆಮೇಲೆ ಹೇಳ್ತೀನಿ. ಮೊದಲು ಕಮ್ಮರಡಿಯ ಚಾ!

ಟೆಂಟು ಬಂತು ಟೆಂಟು!

ಹೋಟೆಲಿನ ಬೆಂಚಿನಲ್ಲಿ ಒಬ್ಬ ಹಿರಿಯರು ಕೂತಿದ್ದರು. ಸಿನಿಮಾ ಪತ್ರಿಕೆಗೆ ಬರೆಯೋನು ಅಂದೆ. ಅವರ ಮುಖ ಅರಳಿತು. "ಸಿನಿಮಾ ಅಂದ್ರೆ ನಮ್ಮ ಕಾಲದ್ದು ಕಣಯ್ಯ, ಟೂರಿಂಗ್ ಟಾಕೀಸು!" ಅಂತ ಶುರು ಹಚ್ಚಿಕೊಂಡರು.

ಮಲೆನಾಡಿನ ಮಳೆಯಲ್ಲಿ ಟೆಂಟು ನಿಲ್ಲುತ್ತದೆಯೇ? ಮಳೆಗಾಲ ಕಳೆದು ನೆಲ ಒಣಗಿದ ಮೇಲೆಯೇ ಟಾಕೀಸಿನವರು ಬರಬೇಕು. ಸಂಜೆ ಮೈಕಿನಲ್ಲಿ ಘಂಟಸಾಲ ಕಂಠದ ತಿಮ್ಮಪ್ಪನ ಹಾಡು ಕೇಳಿತೋ, ಟಿಕೆಟ್ ಕೊಡುತ್ತಿದ್ದಾರೆ ಅಂತ ಅರ್ಥ. ನೆಲದವರಿಗೆ ನೆಲ, ಬೆಂಚಿನವರಿಗೆ ಬೆಂಚು. ರೀಲು ಬದಲಿಸುವಾಗ ಕತ್ತಲೆ, ಶಿಳ್ಳೆ!

"ಪಿಕ್ಚರ್ ಮುಗಿದ ಮೇಲೆ ಸೂಡಿ ಹಚ್ಕಂಡು ಮನೆಗೆ ನಡೀಬೇಕು. ಬೆಂಕಿ ಆಡಿದ ಹಾಗೆ ನಮ್ಮ ನೆರಳೆಲ್ಲ ಮರದ ಮೇಲೆ ಆನೆ ಗಾತ್ರ ಆಗಿ ಕುಣಿಯೋದು. ನಾವು ಹುಡುಗ್ರು ಅದನ್ನೇ ನೋಡ್ತಾ ಎಡವಿ ಬೀಳ್ತಿದ್ವಿ. ಅದು ಎರಡನೇ ಪಿಕ್ಚರು! ಅದಕ್ಕೆ ಟಿಕೆಟ್ ಇಲ್ಲ" ಅಂತ ಹಲ್ಲಿಲ್ಲದ ಬಾಯಲ್ಲಿ ನಕ್ಕರು.

ಟಿಕೆಟ್ ಇಲ್ಲದ ಪಿಕ್ಚರು! ಬರೆದುಕೊಂಡೆ.

ಅರ್ಧ ಕತ್ತಲೆ, ಅರ್ಧ ಬೆಳಕು

ನಿಮಗೊಂದು ಗುಟ್ಟು ಗೊತ್ತೇ? ಹಳೆಯ ರೀಲಿನ ಯಂತ್ರ ಸೆಕೆಂಡಿಗೆ 24 ಚಿತ್ರ ತೋರಿಸುತ್ತಿತ್ತು. ಒಂದೊಂದೂ ಅಲ್ಲಾಡದ, ಸುಮ್ಮನೆ ನಿಂತ ಚಿತ್ರ. ಒಂದು ಸರಿದು ಇನ್ನೊಂದು ಬರುವಾಗ ಶಟರ್ ಅಡ್ಡ ಬಂದು ಬೆಳಕನ್ನು ಮುಚ್ಚುತ್ತದೆ. ಚಿತ್ರ ನಿಂತಿರುವಾಗಲೂ ಒಮ್ಮೆ ಮುಚ್ಚಿ ತೆರೆಯುತ್ತದೆ. ಲೆಕ್ಕ ಹಾಕಿದರೆ ಮೂರು ಗಂಟೆಯ ಪಿಕ್ಚರಿನಲ್ಲಿ ಹತ್ತಿರ ಹತ್ತಿರ ಅರ್ಧ ಹೊತ್ತು ನಾವು ಕತ್ತಲೆಯ ಪರದೆಯನ್ನೇ ನೋಡುತ್ತಿದ್ದೆವು! ಅಣ್ಣಾವ್ರು ಕುದುರೆ ಓಡಿಸಿದ್ದು, ವಿಷ್ಣು ಕಡಗ ತಿರುಗಿಸಿದ್ದು, ಎಲ್ಲವನ್ನೂ ಕೂಡಿಸಿ ಓಡಿಸಿದ್ದು ಯಾರು? ನಮ್ಮ ಕಣ್ಣು, ನಮ್ಮ ಮನಸ್ಸು. ಅರ್ಧ ಮಾಯೆ ಯಂತ್ರದ್ದು, ಇನ್ನರ್ಧ ಬೆಂಚಿನ ಮೇಲೆ ಕೂತವನದು.

ಟಾಕೀಸಿನಲ್ಲಿ ಇಷ್ಟು ಕೆಲಸ ಮಾಡುವ ಕಣ್ಣು, ಹೊರಗೆ ಬಂದ ಕೂಡಲೇ ನಿದ್ದೆ ಮಾಡುವುದೇಕೆ?

ನಿದ್ದೆ ಮಾಡದ ಕಣ್ಣು

ಕಾಸರವಳ್ಳಿಯವರು ಹುಟ್ಟಿದ್ದು 1950ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ಪ್ರೈಮರಿ ಅಲ್ಲೇ, ಮಿಡ್ಲ್ ಸ್ಕೂಲ್ ಈ ಕಮ್ಮರಡಿಯಲ್ಲಿ. ತಂದೆಗೆ ಪುಸ್ತಕ, ಯಕ್ಷಗಾನ ಎಂದರೆ ಪ್ರಾಣ. ಸೋದರಮಾವ ಹೆಗ್ಗೋಡಿನ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ. ಊರಿಗೆ ಆಗಾಗ ಬರುತ್ತಿದ್ದ ಟೂರಿಂಗ್ ಟಾಕೀಸೇ ಈ ಹುಡುಗ ಕಂಡ ಮೊದಲ ಸಿನಿಮಾ ಲೋಕ. ಮುಂದೆ ಮಣಿಪಾಲದಲ್ಲಿ ಬಿ.ಫಾರ್ಮ ಓದಿದರು. ಮಾತ್ರೆ, ಔಷಧಿಯ ದಾರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ 1975ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದರು. ಆಮೇಲಿನದು ಚರಿತ್ರೆ! 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ'. ನಾಲ್ಕು ಚಿತ್ರಕ್ಕೆ ನಾಲ್ಕು ಸ್ವರ್ಣಕಮಲ!

"ಅವಾರ್ಡ್ ಪಿಕ್ಚರಾ? ನಿದ್ದೆ ಬರುತ್ತೆ ಗುರು" ಅನ್ನುತ್ತೀರಾ? ನಾನೂ ಅಂದಿದ್ದೆ. ಆದರೆ ಯೋಚಿಸಿ. ವಿದೇಶದ ಲೊಕೇಶನ್ ಇಲ್ಲ, ಕೋಟಿ ರೂಪಾಯಿಯ ಸೆಟ್ ಇಲ್ಲ. ಹಂಚಿನ ಮನೆ, ಮಳೆ, ಹೊಳೆ, ಅಡುಗೆ ಒಲೆ. ನಮಗೆ ಬೋರು ಹೊಡೆಸಿದ ಅದೇ ಸಾಮಾನು! 1977ರ 'ಘಟಶ್ರಾದ್ಧ' ಹೊಸದಾಗಿ ಶುದ್ಧಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆ ಏರಿತು.

ಸೌಂದರ್ಯಾ ಕಟ್ಟಿದ ದ್ವೀಪ

'ಆಪ್ತಮಿತ್ರ'ದ ಸೌಂದರ್ಯಾ ನಿಮಗೆಲ್ಲ ಗೊತ್ತು. 2004ರ ವಿಮಾನ ದುರಂತದಲ್ಲಿ ಆಕೆ ಅಗಲಿದಾಗ ಅತ್ತವರೆಷ್ಟೋ! ಆದರೆ ಆಕೆಯೇ ನಿರ್ಮಾಪಕಿಯಾಗಿ, ಮೇಕಪ್ಪಿನ ಹಂಗಿಲ್ಲದೆ ನಟಿಸಿದ 'ದ್ವೀಪ' ನೋಡಿದವರು ಎಷ್ಟು ಜನ? ನಾ. ಡಿಸೋಜರ ಕಾದಂಬರಿ ಆಧರಿಸಿದ ಕಥೆ. ಅಣೆಕಟ್ಟಿನ ನೀರು ಏರುತ್ತಿದೆ, ಊರವರೆಲ್ಲ ಜಾಗ ಬಿಟ್ಟಿದ್ದಾರೆ. ಒಂದು ಸಂಸಾರ ಮಾತ್ರ ಬಿಟ್ಟಿಲ್ಲ. ಮಳೆ ಸುರಿಯುತ್ತದೆ, ಸುರಿಯುತ್ತಲೇ ಇರುತ್ತದೆ. ಆ ಮಳೆಯನ್ನು ಹಿಡಿದ ಎಚ್.ಎಂ. ರಾಮಚಂದ್ರರ ಕ್ಯಾಮೆರಾಕ್ಕೆ ರಾಷ್ಟ್ರಪ್ರಶಸ್ತಿಯೇ ಬಂತು. ಆ ನೀರಿನ ನಡುವೆ ಮನೆಯನ್ನು ಉಳಿಸಿಕೊಳ್ಳುವವಳು ಸೊಸೆ ನಾಗಿ. ಅವಳ ಎದೆಗಾರಿಕೆ, ಅವಳ ಕೈಕೆಲಸ. ಮಳೆ ನಿಂತು ನೀರು ಇಳಿದ ಮೇಲೆ ಗಂಡ ಗಣಪ ಏನನ್ನುತ್ತಾನೆ ಗೊತ್ತೇ? ಎಲ್ಲ ದೇವರ ದಯೆ ಅನ್ನುತ್ತಾನೆ!

ನಾಗಿಯ ಮುಖ ನೋಡಬೇಕು ಆಗ... ನನಗೆ ಅಲ್ಲಿ ಗಂಟಲು ಕಟ್ಟಿತು. ಏಕೆ ಗೊತ್ತೇ?

ನಾನು ಫೋನಿನಲ್ಲಿ ಆಡಿದ ಮಾತು

2019ರ ಆಗಸ್ಟ್. ಚಿಕ್ಕಮಗಳೂರು ಜಿಲ್ಲೆಯಲ್ಲಿ ಗುಡ್ಡ ಕುಸಿದು ತೋಟಗಳೇ ಕೊಚ್ಚಿಹೋದ ಮಳೆ. ನಾನು ಗಾಂಧಿನಗರದಲ್ಲಿ ಒಂದು ಕಥೆ ಹಿಡಿದುಕೊಂಡು ಆಫೀಸಿನಿಂದ ಆಫೀಸಿಗೆ ಅಲೆಯುತ್ತಿದ್ದೆ. ಕಥೆಯಲ್ಲಿ ಮಾಂತ್ರಿಕ, ಪವಾಡ, ಗ್ರಾಫಿಕ್ಸು. ಒಬ್ಬರೂ ಪೂರ್ತಿ ಕೇಳಲಿಲ್ಲ. ಮನೆಗೆ ಫೋನ್ ಸಿಗದೆ ಮೂರು ದಿನ. ಕೊನೆಗೆ ಅಮ್ಮನೇ ಮಾಡಿದಳು.

"ಮನೆ ಹಿಂದಿನ ಧರೆ ಜಾರಿತ್ತು ಮಗ. ನೀರೆಲ್ಲ ಒಳಗೇ ನುಗ್ತಿತ್ತು. ಈಗ ಅಡ್ಡಿಲ್ಲ."

ನಾನೇನಂದೆ? "ದೇವರು ದೊಡ್ಡವನಮ್ಮ" ಅಂದೆ. ಅವಳು "ಹೌದು ಮಗ" ಅಂದಳು. ಅಷ್ಟೇ.

ಊರಿಗೆ ಹೋದಾಗ ಪಕ್ಕದ ಮನೆಯ ಅಣ್ಣ ಹೇಳಿದ. ಕಂಬಳಿಕೊಪ್ಪೆ ಹಾಕಿಕೊಂಡು, ಲಾಟೀನು ಇಟ್ಟುಕೊಂಡು, ಇಡೀ ರಾತ್ರಿ ಒಬ್ಬಳೇ ಗುದ್ದಲಿಯಲ್ಲಿ ಕಾಲುವೆ ಕಡಿದು ನೀರನ್ನು ತೋಟದ ಕಡೆ ತಿರುಗಿಸಿದ್ದಳಂತೆ. ಅಪ್ಪ ಹಾಸಿಗೆ ಹಿಡಿದಿದ್ದ ಕಾಲ ಅದು. ಹಿತ್ತಲಿಗೆ ಹೋಗಿ ನೋಡಿದೆ. ಮೊಣಕಾಲುದ್ದ ಆಳ, ನಲವತ್ತು ಹೆಜ್ಜೆ ಉದ್ದ. ಐವತ್ತು ದಾಟಿದ ಹೆಂಗಸು! ನಾನು ಪವಾಡದ ಕಥೆ ಹೊತ್ತು ಬೀದಿ ಬೀದಿ ಅಲೆಯುತ್ತಿದ್ದಾಗ ಅದು ನನ್ನ ಮನೆಯ ಹಿಂದೆ ನಡೆದುಹೋಗಿತ್ತು. ನಾನು ಗಣಪನ ಡೈಲಾಗು ಹೊಡೆದಿದ್ದೆ.

'ದ್ವೀಪ' ನೋಡಿದ್ದು ಅದಾದ ಎರಡು ವರ್ಷದ ಮೇಲೆ. ಅವತ್ತೇ ರಾತ್ರಿ ಅಮ್ಮನಿಗೆ ಫೋನ್ ಮಾಡಿ, "ಅವತ್ತು ಮನೆ ಉಳಿಸಿದ್ದು ನೀನಮ್ಮ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಊಟ ಆಯ್ತಾ?" ಅಂದಳು.

ಕಣ್ಣು ಬಿಟ್ಟರೆ ನೋವೂ ಕಾಣುತ್ತೆ

ಹಾಗಂತ ಕಣ್ಣು ಬಿಟ್ಟು ಕೂತರೆ ಬರೀ ಚಂದವೇ ಕಾಣುತ್ತದೆ ಅಂದುಕೊಳ್ಳಬೇಡಿ. 'ಘಟಶ್ರಾದ್ಧ'ದ ಪುಟ್ಟ ನಾಣಿ ಬೆರಗುಗಣ್ಣಿನಿಂದಲೇ ಎಲ್ಲ ನೋಡುತ್ತಾನೆ. ಅವನ ಕಣ್ಣಿಗೆ ಬಿದ್ದದ್ದು ಬದುಕಿರುವ ಯಮುನಕ್ಕನಿಗೆ ದೊಡ್ಡವರು ಶ್ರಾದ್ಧ ಮಾಡಿ ಹೊರಗೆ ಹಾಕಿದ್ದು! 'ಗುಲಾಬಿ ಟಾಕೀಸ್'ನ ಸೂಲಗಿತ್ತಿ ಗುಲಾಬಿಗೆ, ನಮ್ಮ ಉಮಾಶ್ರೀಗೆ, ಪಿಕ್ಚರ್ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ಬಂದ ಕಲರ್ ಟಿವಿ ಅವಳ ಗುಡಿಸಲನ್ನೇ ಟಾಕೀಸು ಮಾಡುತ್ತದೆ. ಕೊನೆಗೆ ಅವಳೇ ಊರು ಬಿಡಬೇಕಾಗುತ್ತದೆ. ಮಾಯೆ ನೋಡುವುದೆಂದರೆ ಕಷ್ಟಕ್ಕೆ ಕಣ್ಣು ಮುಚ್ಚುವುದಲ್ಲ. ಎದುರಿಗಿರುವವರನ್ನು ಪೂರ್ತಿ ನೋಡುವುದು. ಅಷ್ಟು ಮಾಡಿದರೆ ಸಾಕು, ಸೊಸೆಯೊಬ್ಬಳು ಒಲೆ ಊದುವುದೂ ಕ್ಲೈಮ್ಯಾಕ್ಸ್ ಆಗುತ್ತದೆ.

ಚಾ ಮುಗಿಸಿ ಎದ್ದೆ. "ಬಸ್ಸಿಗೆ ಇನ್ನೂ ಹೊತ್ತಿದೆ, ತೋಟದ ಕಡೆ ಹೋಗಿ ಬಾ. ಓತಿ ಹಾರೋದು ನೋಡಿದೀಯಾ?" ಅಂದರು ಹಿರಿಯರು. ತೇಜಸ್ವಿಯವರ 'ಕರ್ವಾಲೋ' ಓದಿದವರಿಗೆ ಗೊತ್ತು ಹಾರುವ ಓತಿಯ ಕಥೆ. ಪಕ್ಕೆಲುಬಿನ ಮೇಲಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಪ್ರಾಣಿ. ಅಡಿಕೆ ತೋಟದಲ್ಲೇ ಹುಟ್ಟಿ ಬೆಳೆದ ನಾನು ಒಂದು ದಿನವೂ ತಲೆ ಎತ್ತಿ ಹುಡುಕಿರಲಿಲ್ಲ!

ಮುಕ್ಕಾಲು ಗಂಟೆ ಕತ್ತು ನೋಯುವ ಹಾಗೆ ನಿಂತೆ. ಮೋಡ ಮುಸುಕಿತ್ತು, ಓತಿ ಹಾರಲಿಲ್ಲ. ಆದರೆ ಅಷ್ಟೂ ಹೊತ್ತು ಒಮ್ಮೆಯೂ ಮೊಬೈಲ್ ತೆಗೆದಿರಲಿಲ್ಲ ಅಂತ ಗೊತ್ತಾದದ್ದು ಬಸ್ಸಿನ ಹಾರನ್ ಕೇಳಿದ ಮೇಲೆ.

ಅದೇ ಬಸ್ಸು, ಅದೇ ಕಂಡಕ್ಟರು. "ಎಂತ ನೋಡಿದ್ರಿ?" ಅಂದ.

"ಇನ್ನೂ ನೋಡಿ ಮುಗಿದಿಲ್ಲ, ಇನ್ನೊಂದು ಸಲ ಬರ್ತೀನಿ" ಅಂದೆ.

ಗೆಳೆಯರೇ, ಈ ಪತ್ರಿಕೆ ಹಿಡಿದು ನೀವೂ ಯಾವುದೋ ಬಸ್ ಸ್ಟ್ಯಾಂಡಿನಲ್ಲಿ ಕೂತಿರಬಹುದು. ಬಸ್ಸು ಲೇಟಾದರೆ ಬೈಯಬೇಡಿ, ಸ್ವಲ್ಪ ಸುತ್ತ ನೋಡಿ. ಟಿಕೆಟ್ ಇಲ್ಲದ ಪಿಕ್ಚರು ಶುರುವಾಗಿರುತ್ತದೆ. ಮನೆ ಮುಟ್ಟಿದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಒಂದು ನಿಮಿಷ ನಿಲ್ಲಿ. ಹೀರೋಯಿನ್ ಅಲ್ಲೇ ಇರುತ್ತಾಳೆ!