ಆಪತ್ತಿಗೊಂದು ಶಾಸ್ತ್ರ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬುದು ನಮ್ಮ ಜನರ ಬಾಯಲ್ಲಿ ಸವೆದು ನುಣುಪಾದ ಗಾದೆ. ಅದನ್ನು ಕೇಳಿ ನಗುವವರೆಲ್ಲರೂ ಬಾವಿಯನ್ನು ಮೊದಲೇ ತೋಡಿರಬೇಕಾಗಿತ್ತೆಂಬ ಮಾತನ್ನು ಒಪ್ಪಿಕೊಂಡೇ ನಗುತ್ತಾರೆ. ಆದರೆ ಅದನ್ನು ಯಾರು ತೋಡಬೇಕಾಗಿತ್ತು, ಎಲ್ಲಿ ತೋಡಬೇಕಾಗಿತ್ತು, ಅದರ ವೆಚ್ಚ ಯಾರ ಲೆಕ್ಕಕ್ಕೆ, ಬೆಂಕಿ ಬಿದ್ದ ಹೊತ್ತಿನಲ್ಲಿ ಹಗ್ಗ ಕೊಡಗಳು ಯಾರ ವಶದಲ್ಲಿರಬೇಕು ಎಂಬ ಪ್ರಶ್ನೆಗಳನ್ನು ಗಾದೆ ಕೇಳುವುದಿಲ್ಲ. ಅವನ್ನು ಕೇಳುವುದಕ್ಕಾಗಿಯೇ ವಿಶ್ವವಿದ್ಯಾನಿಲಯಗಳಲ್ಲಿ ಈಗ ಒಂದು ಶಾಸ್ತ್ರ ಬೆಳೆದು ನಿಂತಿದೆ.

ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿಗೆ ಓದುವ ವಿದ್ಯಾರ್ಥಿಯು ತುರ್ತು ಪರಿಸ್ಥಿತಿಯ ನಿರ್ವಹಣೆಯನ್ನು ತನ್ನ ವಿಶೇಷ ವಿಷಯವನ್ನಾಗಿ ಆರಿಸಿಕೊಳ್ಳಬಹುದು. ತುರ್ತು ಪರಿಸ್ಥಿತಿ ಎಂದೊಡನೆ ನಮಗೆ ೧೯೭೫ರ ರಾಜಕೀಯ ನೆನಪಿಗೆ ಬರುವುದರಿಂದ, ಆಪತ್ಕಾಲವೆಂಬ ಹಳೆಯ ಮಾತನ್ನೇ ಇಲ್ಲಿ ಬಳಸುವುದು ಮೇಲು. ಆಪತ್ಕಾಲದ ಆಡಳಿತವನ್ನು ತರಗತಿಯಲ್ಲಿ ಕುಳಿತು ಕಲಿಯಲಾದೀತೆ, ಧೈರ್ಯ, ಸಮಯಸ್ಫೂರ್ತಿ, ಮನುಷ್ಯತ್ವಗಳನ್ನು ಪರೀಕ್ಷೆಯ ಅಂಕಗಳಿಂದ ಅಳೆಯಲಾದೀತೆ ಎಂದು ಕೇಳುವವರುಂಟು. ಈ ಸಂದೇಹ ಅಲ್ಲಗಳೆಯತಕ್ಕದ್ದಲ್ಲ. ಆದರೆ ಈ ಶಾಸ್ತ್ರದ ಚರಿತ್ರೆಯನ್ನು ಸ್ವಲ್ಪ ನೋಡಿದವರಿಗೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಆಪತ್ತಿನಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆಂಬ ಬಗೆಗೆ ನಮ್ಮ ಸಹಜಬುದ್ಧಿ ಹೇಳುವುದು ಬಹುಮಟ್ಟಿಗೆ ತಪ್ಪು. ಆ ತಪ್ಪು ಅಧಿಕಾರದ ಕೈಗೆ ಸಿಕ್ಕಾಗ ಪ್ರಾಣಗಳನ್ನು ತೆಗೆಯುತ್ತದೆ. ಅಧ್ಯಯನದ ಅವಶ್ಯಕತೆ ಹುಟ್ಟುವುದು ಇಲ್ಲಿಯೇ.

ರಾಜ್ಯವು ಆಪತ್ತಿಗೆ ಹೊಣೆಯೆಂಬ ಭಾವನೆ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಇದಕ್ಕಾಗಿಯೇ ಒಂದು ಪ್ರಕರಣವಿದೆ. ಬೆಂಕಿ, ನೆರೆ, ರೋಗ, ಕ್ಷಾಮ, ಇಲಿ, ಕ್ರೂರಮೃಗ, ಹಾವು, ರಾಕ್ಷಸ ಎಂಬ ಎಂಟು ಮಹಾಭಯಗಳನ್ನು ಅಲ್ಲಿ ಎಣಿಸಿದೆ. ಬೇಸಿಗೆಯಲ್ಲಿ ಹಳ್ಳಿಯವರು ಅಡುಗೆಯನ್ನು ಮನೆಯ ಹೊರಗೆ ಮಾಡಬೇಕು. ಮಳೆಗಾಲದಲ್ಲಿ ಹೊಳೆಯಂಚಿನ ಊರಿನವರು ರಾತ್ರಿ ದಡವನ್ನು ಬಿಟ್ಟು ದೂರ ಮಲಗಬೇಕು, ಮರ, ಬಿದಿರು, ದೋಣಿಗಳನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ನೆರೆಯಲ್ಲಿ ಕೊಚ್ಚಿಹೋಗುವವನನ್ನು ಕಂಡೂ ನೆರವಿಗೆ ಹೋಗದವನಿಗೆ ಹನ್ನೆರಡು ಪಣ ದಂಡ. ತೇಲುವ ಸಾಧನವಿಲ್ಲದವನಿಗೆ ಮಾತ್ರ ವಿನಾಯಿತಿ. ರಾಕ್ಷಸರ ಮಾತನ್ನು ಬಿಟ್ಟರೆ ಉಳಿದುದೆಲ್ಲವೂ ಇಂದಿನ ಪಠ್ಯಪುಸ್ತಕದಲ್ಲಿ ಸಲ್ಲುವಂಥದೇ. ನೆರೆಹೊರೆಯವನೇ ಮೊದಲ ರಕ್ಷಕನೆಂಬುದನ್ನು ಆ ಪ್ರಾಚೀನ ರಾಜನೀತಿಜ್ಞನು ಕಂಡುಕೊಂಡಿದ್ದನೆಂಬುದನ್ನು ವಾಚಕರು ಗಮನಿಸಬೇಕು. ಆಧುನಿಕರು ಅದನ್ನು ಮತ್ತೆ ಕಂಡುಕೊಳ್ಳಬೇಕಾಯಿತು.

ಆಡಳಿತವೆಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯವೆಂದು ೧೮೮೭ರಲ್ಲಿ ಒಂದು ಪ್ರಬಂಧದಲ್ಲಿ ವಾದಿಸಿದವನು, ಮುಂದೆ ಅಮೆರಿಕದ ಅಧ್ಯಕ್ಷನಾದ ವುಡ್ರೋ ವಿಲ್ಸನ್. ೧೯೨೪ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾನಿಲಯದಲ್ಲಿ ಮ್ಯಾಕ್ಸ್‌ವೆಲ್ ಶಾಲೆ ಸ್ಥಾಪನೆಯಾಗಿ ಈ ವಿದ್ಯೆಗೆ ಒಂದು ನೆಲೆ ದೊರೆಯಿತು. ನಮ್ಮಲ್ಲಿ ೧೯೫೩ರ ಪಾಲ್ ಆಪಲ್‌ಬಿಯ ವರದಿಯ ಫಲವಾಗಿ ೧೯೫೪ರಲ್ಲಿ ದೆಹಲಿಯಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ ಹುಟ್ಟಿತು. ಇವೆಲ್ಲವೂ ಮುಖ್ಯವಾಗಿ ಶಾಂತಕಾಲದ ಆಡಳಿತವನ್ನು ಕುರಿತವು. ಆಪತ್ತನ್ನು ಕುರಿತ ವಿದ್ಯೆ ಬೇರೊಂದು ಬಾಗಿಲಿನಿಂದ, ಒಬ್ಬ ಪಾದ್ರಿಯ ಪ್ರೌಢಪ್ರಬಂಧದ ಮೂಲಕ, ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿತು.

೧೯೧೭ನೆಯ ಡಿಸೆಂಬರ್ ೬ರ ಬೆಳಗ್ಗೆ, ಮೊದಲ ಮಹಾಯುದ್ಧದ ಕಾಲದಲ್ಲಿ, ಕೆನಡದ ಹ್ಯಾಲಿಫ್ಯಾಕ್ಸ್ ಬಂದರಿನ ಇಕ್ಕಟ್ಟಾದ ಜಲಮಾರ್ಗದಲ್ಲಿ ಎರಡು ಹಡಗುಗಳು ಡಿಕ್ಕಿ ಹೊಡೆದವು. ಅವುಗಳಲ್ಲಿ ಒಂದು ‘ಮೋಂ ಬ್ಲಾಂ’ ಎಂಬ ಫ್ರೆಂಚ್ ಹಡಗು; ಅದರ ಹೊಟ್ಟೆಯಲ್ಲಿ ಸಾವಿರಾರು ಟನ್ ಸ್ಫೋಟಕಗಳು ತುಂಬಿದ್ದವು. ಹಡಗು ಸುಮಾರು ಇಪ್ಪತ್ತು ನಿಮಿಷ ಉರಿಯಿತು. ಜನ ಬೀದಿಗೆ ಬಂದು ನೋಡಿದರು. ಮನೆಯಲ್ಲಿದ್ದವರು ಕಿಟಕಿಯ ಗಾಜಿಗೆ ಮುಖವೊಡ್ಡಿ ನಿಂತರು. ಅದರ ಸರಕೇನೆಂಬುದು ಬಂದರಿನ ಕೆಲವೇ ಮಂದಿಗೆ ತಿಳಿದಿತ್ತು. ಯುದ್ಧಕಾಲವಾದುದರಿಂದ ಅಪಾಯದ ಕೆಂಪು ಬಾವುಟವನ್ನು ಹಡಗು ಏರಿಸಿರಲಿಲ್ಲ. ಒಂಬತ್ತು ಗಂಟೆ ಕಳೆದು ಕೆಲವೇ ನಿಮಿಷಗಳಲ್ಲಿ ಅದು ಸಿಡಿಯಿತು. ಸುಮಾರು ಎರಡು ಸಾವಿರ ಜನ ಸತ್ತರು. ಒಂಬತ್ತು ಸಾವಿರದಷ್ಟು ಜನ ಗಾಯಗೊಂಡರು. ಗಾಜಿನ ಚೂರು ಹೊಕ್ಕು ಕಣ್ಣಿಗೆ ಏಟು ಬಿದ್ದವರೇ ಸಾವಿರಾರು. ಮರುದಿನವೇ ಹಿಮದ ಬಿರುಗಾಳಿ ಬೀಸಿತು.

ಅಂದು ವಿನ್ಸೆಂಟ್ ಕೋಲ್‌ಮನ್ ಎಂಬ ರೈಲ್ವೆ ತಂತಿ ನೌಕರನಿಗೆ ಹಡಗಿನ ಗುಟ್ಟು ತಿಳಿಯಿತು. ಓಡಿಹೋಗಬಹುದಾಗಿದ್ದ ಅವನು ಕುರ್ಚಿಯಲ್ಲಿಯೇ ಕುಳಿತು, ಊರಿನತ್ತ ಬರುತ್ತಿದ್ದ ರೈಲನ್ನು ತಡೆಯಿರೆಂದು ತಂತಿ ಕಳುಹಿಸಿ, ಅಲ್ಲಿಯೇ ಮಡಿದನು. ಬದುಕುಳಿದವರು ಅಪ್ಪಣೆಗಾಗಿ ಕಾಯದೆ ಕುಸಿದ ಮನೆಗಳ ಅಡಿಯಿಂದ ನೆರೆಯವರನ್ನು ಎಳೆದು ತೆಗೆಯತೊಡಗಿದರು. ಇಷ್ಟರಲ್ಲಿ ಸೈನಿಕರ ವಸತಿಯ ಮದ್ದಿನ ಮನೆಯಿಂದ ಆವಿ ಏಳುವುದು ಕಂಡು, ಇನ್ನೊಂದು ಸ್ಫೋಟವಾಗಲಿದೆಯೆಂಬ ವದಂತಿ ಹಬ್ಬಿತು. ಬಯಲಿಗೆ ಓಡಿರೆಂದು ಸಮವಸ್ತ್ರ ತೊಟ್ಟವರೇ ಜನರನ್ನು ಅಟ್ಟಿದರು. ಎರಡನೆಯ ಸ್ಫೋಟ ಆಗಲಿಲ್ಲ. ಆದರೆ ಅವಶೇಷಗಳ ಅಡಿಯಲ್ಲಿ ಜೀವ ಹಿಡಿದುಕೊಂಡಿದ್ದವರ ಅಮೂಲ್ಯವಾದ ಎರಡು ಗಂಟೆಗಳಷ್ಟು ಕಾಲ ಹಾಳಾಯಿತು.

ಆ ಊರಿನ ಸೇಂಟ್ ಪಾಲ್ ಚರ್ಚಿನಲ್ಲಿ ಸ್ಯಾಮ್ಯುಯೆಲ್ ಹೆನ್ರಿ ಪ್ರಿನ್ಸ್ ಎಂಬ ಪಾದ್ರಿಯಿದ್ದನು. ೧೯೧೨ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಶವಗಳನ್ನು ಹುಡುಕಲು ಹೋದ ಹಡಗೊಂದರಲ್ಲಿ ಅಂತ್ಯವಿಧಿಗಳಿಗಾಗಿ ಹೋಗಿದ್ದವನು ಅವನೇ. ಎರಡು ಮಹಾದುರಂತಗಳನ್ನು ಕಂಡ ಈತನು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಹ್ಯಾಲಿಫ್ಯಾಕ್ಸಿನ ಅನುಭವವನ್ನೇ ವಸ್ತುವಾಗಿರಿಸಿಕೊಂಡು ಡಾಕ್ಟರೇಟ್ ಪ್ರಬಂಧ ಬರೆದನು. ೧೯೨೦ರಲ್ಲಿ ಪ್ರಕಟವಾದ ಅದರ ಹೆಸರು ‘ಕೆಟಾಸ್ಟ್ರಫಿ ಅಂಡ್ ಸೋಷಿಯಲ್ ಚೇಂಜ್’. ದುರಂತವೊಂದು ಸಮಾಜವನ್ನು ಹೇಗೆ ಒಡೆಯುತ್ತದೆ, ಒಡೆದ ಸಮಾಜ ಹೇಗೆ ಮತ್ತೆ ಕೂಡಿಕೊಳ್ಳುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ವಿವೇಚಿಸಿದ ಮೊದಲ ಗ್ರಂಥವೆಂದು ಅದಕ್ಕೆ ಮನ್ನಣೆಯಿದೆ. ಆಪತ್ತು ಬದಲಾವಣೆಯನ್ನು ತಂದೇ ತರುತ್ತದೆ, ಆದರೆ ಆ ಬದಲಾವಣೆ ಯಾವಾಗಲೂ ಏಳಿಗೆಯಾಗಿರುವುದಿಲ್ಲವೆಂಬುದು ಅವನ ತೀರ್ಮಾನಗಳಲ್ಲಿ ಒಂದು. ಕಣ್ಣೀರನ್ನು ಒರೆಸಿದ ಕೈಯೇ ಟಿಪ್ಪಣಿಯನ್ನೂ ಬರೆದುಕೊಂಡಿತೆಂಬುದು ಈ ವಿದ್ಯೆಯ ಹುಟ್ಟಿನ ವೈಶಿಷ್ಟ್ಯ.

ಈ ಬೀಜ ಮೊಳೆಯುವುದಕ್ಕೆ ಬಹುಕಾಲ ಹಿಡಿಯಿತು. ಎರಡನೆಯ ಮಹಾಯುದ್ಧದ ಅನಂತರ, ಅಣುಬಾಂಬು ಬಿದ್ದರೆ ನಾಗರಿಕರು ಹೇಗೆ ವರ್ತಿಸಿಯಾರು ಎಂಬ ಚಿಂತೆ ಅಮೆರಿಕದ ಸರ್ಕಾರವನ್ನು ಕಾಡಿತು. ನೆರೆ, ಸುಂಟರಗಾಳಿ, ಬೆಂಕಿಗಳಿಗೆ ಸಿಕ್ಕ ಜನರನ್ನು ಕಂಡು ವಿಚಾರಿಸಲು ಷಿಕಾಗೋ ವಿಶ್ವವಿದ್ಯಾನಿಲಯದಿಂದ ತರುಣರ ತಂಡವೊಂದು ಹೊರಟಿತು. ಅವರಲ್ಲಿ ಎನ್ರಿಕೋ ಕ್ವಾರಂಟೆಲಿ ಎಂಬ ವಿದ್ಯಾರ್ಥಿಯು ತನ್ನ ಎಂ.ಎ. ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಜನರ ದಿಗ್ಭ್ರಾಂತ ಪಲಾಯನ. ಅವನಿಗೆ ಎದುರಾದ ತೊಡಕು ವಿಚಿತ್ರವಾದುದು: ಎಷ್ಟು ಹುಡುಕಿದರೂ ಅಂಥ ಪಲಾಯನದ ನಿದರ್ಶನಗಳು ಬಲು ವಿರಳವಾಗಿದ್ದವು! ಜನ ಹೆದರಿದ್ದರು, ಆದರೆ ಹೆದರಿಕೆಯ ನಡುವೆಯೂ ಮಕ್ಕಳನ್ನು ಹುಡುಕಿದರು, ಮುದುಕರನ್ನು ಹೊತ್ತರು, ಗಾಯಾಳುಗಳನ್ನು ಸಿಕ್ಕ ಬಂಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದರು. ೧೯೬೩ರಲ್ಲಿ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಕ್ವಾರಂಟೆಲಿ, ರಸೆಲ್ ಡೈನ್ಸ್, ಯೂಜೀನ್ ಹಾಸ್ ಎಂಬ ಮೂವರು ವಿಪತ್ತು ಸಂಶೋಧನ ಕೇಂದ್ರವೊಂದನ್ನು ತೆರೆದರು. ೧೯೮೫ರಲ್ಲಿ ಅದು ಡೆಲವೇರ್ ವಿಶ್ವವಿದ್ಯಾನಿಲಯಕ್ಕೆ ಸ್ಥಳಾಂತರಗೊಂಡಿತು. ಊರಿಂದೂರಿಗೆ ನಡೆಸಿದ ಅಧ್ಯಯನಗಳಲ್ಲಿ ಬಹುಮಟ್ಟಿಗೆ ಅದೇ ಫಲ ಮತ್ತೆ ಮತ್ತೆ ದೊರೆಯಿತು. ನೈಸರ್ಗಿಕ ವಿಪತ್ತಿನಲ್ಲಿ ಸಾಮೂಹಿಕ ದಿಗ್ಭ್ರಮೆ ಅಪರೂಪ. ಲೂಟಿ ನಾವೆಣಿಸುವುದಕ್ಕಿಂತ ಬಹಳ ಕಡಿಮೆ. ಮೊದಲ ಗಂಟೆಗಳಲ್ಲಿ ಹೆಚ್ಚಿನವರನ್ನು ಉಳಿಸುವವರು ಪಕ್ಕದ ಮನೆಯವರು. ಕಷ್ಟ ಬರುವುದು ಕಚೇರಿ ಕಚೇರಿಗಳ ನಡುವೆ ಸಂಪರ್ಕ ಕಡಿದಾಗ.

ಇಲ್ಲಿಯೇ ಸಮಾಜಶಾಸ್ತ್ರದ ಈ ಹೊಳೆ ಆಡಳಿತಶಾಸ್ತ್ರದ ಹೊಳೆಯನ್ನು ಕೂಡಿಕೊಂಡಿತು. ೧೯೭೯ರಲ್ಲಿ ಅಧ್ಯಕ್ಷ ಕಾರ್ಟರ್ ಅವರು ಚೆದುರಿಹೋಗಿದ್ದ ಹಲವು ಕಚೇರಿಗಳನ್ನು ಒಂದುಗೂಡಿಸಿ ‘ಫೀಮಾ’ ಎಂಬ ಸಂಸ್ಥೆಯನ್ನು ಮಾಡಿದರು. ೧೯೮೩ರಲ್ಲಿ ಉತ್ತರ ಟೆಕ್ಸಾಸಿನ ವಿಶ್ವವಿದ್ಯಾನಿಲಯವು ಈ ವಿಷಯದಲ್ಲಿ ಪದವಿ ಶಿಕ್ಷಣವನ್ನು ಆರಂಭಿಸಿತು. ೨೦೦೧ರ ಸೆಪ್ಟೆಂಬರಿನ ದಾಳಿಯ ಅನಂತರ ಇಂಥ ತರಗತಿಗಳು ಹಲವು ಮಡಿಯಾದವು. ವಿದ್ಯಾರ್ಥಿಯು ಆಯವ್ಯಯ, ಕಾನೂನು, ಸಂಖ್ಯಾಶಾಸ್ತ್ರ, ಸಂಘಟನೆಯ ಸಿದ್ಧಾಂತ, ಆಡಳಿತನೀತಿಗಳೊಡನೆ ಆಪತ್ತಿನ ನಾಲ್ಕು ಅವಸ್ಥೆಗಳನ್ನು ಅಭ್ಯಾಸ ಮಾಡುತ್ತಾನೆ: ಅಪಾಯವನ್ನು ಮೊದಲೇ ತಗ್ಗಿಸುವುದು, ಸನ್ನದ್ಧರಾಗಿರುವುದು, ಬಂದಾಗ ಎದುರಿಸುವುದು, ಹೋದಮೇಲೆ ಬದುಕನ್ನು ಮತ್ತೆ ಕಟ್ಟುವುದು. ಪತ್ರಿಕೆಗಳ ಕಣ್ಣು ಮೂರನೆಯದರ ಮೇಲೆ. ಶಾಸ್ತ್ರದ ಒತ್ತು ಮೊದಲೆರಡರ ಮೇಲೆ. ಹೊಳೆಯ ಪಾತ್ರದಲ್ಲಿ ಮನೆ ಕಟ್ಟಲು ಅನುಮತಿ ಕೊಡುವ ಗುಮಾಸ್ತನ ರುಜು ಕೂಡ ಆಪತ್ತಿನ ಚರಿತ್ರೆಯ ಒಂದು ಭಾಗವೆಂದು ಅದು ಕಲಿಸುತ್ತದೆ.

ಆದರೆ ವಿದ್ಯೆ ಇದ್ದಮಾತ್ರಕ್ಕೆ ಅದು ಅಧಿಕಾರದ ಸ್ಥಾನವನ್ನು ತಲುಪಿತೆಂದು ತಿಳಿಯಲಾಗದು. ೨೦೦೪ರ ಜುಲೈಯಲ್ಲಿ ಲೂಯಿಸಿಯಾನದ ಅಧಿಕಾರಿಗಳು ‘ಪ್ಯಾಮ್’ ಎಂಬ ಕಲ್ಪಿತ ಚಂಡಮಾರುತವನ್ನಿಟ್ಟುಕೊಂಡು ನ್ಯೂ ಆರ್ಲಿಯನ್ಸ್ ನಗರ ಮುಳುಗಿದರೆ ಮಾಡತಕ್ಕದ್ದೇನೆಂದು ಅಭ್ಯಾಸ ನಡೆಸಿದ್ದರು. ಸ್ವಂತ ವಾಹನವಿಲ್ಲದ ಬಡವರು ಊರಲ್ಲೇ ಉಳಿದುಬಿಡುವರೆಂಬುದೂ ತಿಳಿದಿತ್ತು. ಮುಂದಿನ ವರ್ಷ, ೨೦೦೫ರ ಆಗಸ್ಟ್ ೨೯ರಂದು, ‘ಕತ್ರೀನಾ’ ನಿಜವಾಗಿಯೇ ಬಂದಿತು. ತಡೆಗೋಡೆಗಳು ಒಡೆದು ನಗರದ ಸುಮಾರು ಎಂಬತ್ತು ಭಾಗ ನೀರಿನಲ್ಲಿ ನಿಂತಿತು. ಸಾವಿರಕ್ಕೂ ಮೀರಿ ಜನ ಸತ್ತರು. ಆಗ ಫೀಮಾದ ಮುಖ್ಯಸ್ಥನಾಗಿದ್ದವನು ಅದಕ್ಕೆ ಮೊದಲು ಅರಬ್ಬೀ ಕುದುರೆಗಳ ಸಂಘವೊಂದರಲ್ಲಿ ಅಧಿಕಾರಿಯಾಗಿದ್ದವನು. ಇದಕ್ಕಿಂತ ದುಃಖದ ಸಂಗತಿ ಮತ್ತೊಂದಿದೆ. ಲೂಟಿಯ ಸುದ್ದಿ ಹಬ್ಬಿದಾಗ, ಜನರನ್ನು ನೀರಿನಿಂದ ಎತ್ತುತ್ತಿದ್ದ ಸುಮಾರು ಸಾವಿರದೈನೂರು ಪೊಲೀಸರನ್ನು ಆ ಕೆಲಸದಿಂದ ಬಿಡಿಸಿ ಬೀದಿ ಕಾಯಲು ಕಳುಹಿಸಲಾಯಿತು. ಕೊಲೆ ಸುಲಿಗೆಗಳ ಆ ಸುದ್ದಿಗಳಲ್ಲಿ ಎಷ್ಟೋ ಸುಳ್ಳೆಂದೂ ಉತ್ಪ್ರೇಕ್ಷೆಯೆಂದೂ ಆಮೇಲೆ ತಿಳಿದುಬಂತು. ಹ್ಯಾಲಿಫ್ಯಾಕ್ಸಿನ ಎರಡು ಗಂಟೆಗಳು ಎಂಬತ್ತೆಂಟು ವರ್ಷಗಳ ಮೇಲೆ ಮರಳಿ ಬಂದಂತಾಯಿತು.

ನಮ್ಮ ನಾಡಿಗೂ ಈ ಶಾಸ್ತ್ರಕ್ಕೂ ಇರುವ ನಂಟು ಕ್ಷಾಮದ್ದು. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ನೆನೆಯುತ್ತಿದ್ದ ೧೮೭೬-೭೮ರ ಮಹಾಕ್ಷಾಮ ಮೈಸೂರು ಸೀಮೆಯನ್ನು ಬರಿದುಮಾಡಿತು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ದಾಟಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ನಲವತ್ತೆರಡು ಲಕ್ಷದೊಳಕ್ಕೆ ಇಳಿದಿತ್ತು. ಆ ಸಾವುಗಳ ಮೇಲೆಯೇ ೧೮೮೦ರ ಕ್ಷಾಮ ಆಯೋಗದ ವರದಿ, ೧೮೮೩ರ ಕ್ಷಾಮಸಂಹಿತೆಗಳು ರೂಪುಗೊಂಡವು. ಧಾನ್ಯದ ಬೆಲೆ ಏರುವುದು, ಜನ ಊರು ಬಿಡುವುದು, ಕಳವು ಹೆಚ್ಚುವುದು ಮೊದಲಾದ ಮುನ್ಸೂಚನೆಗಳನ್ನು ಗುರುತಿಸಿ, ಯಾವ ಹಂತದಲ್ಲಿ ಯಾವ ಅಧಿಕಾರಿ ಏನು ಮಾಡಬೇಕೆಂದು ಅವು ವಿಧಿಸಿದವು. ಪರಕೀಯ ಸರ್ಕಾರದ ಜಿಪುಣತನ ಅವುಗಳಲ್ಲಿ ಇಲ್ಲದಿಲ್ಲ. ಆದರೂ ಕರ್ತವ್ಯವನ್ನು ಮುಂಚಿತವಾಗಿ ಬರೆದಿಡುವ ಪದ್ಧತಿ ಅಲ್ಲಿಂದ ಬಂದಿತು. ಸ್ವತಂತ್ರ ಭಾರತದಲ್ಲಿ, ೧೯೮೮ರಲ್ಲಿ, ಕರ್ನಾಟಕವು ಬರದ ಮೇಲೆ ಕಣ್ಣಿಡಲು ಒಂದು ಘಟಕವನ್ನು ಸ್ಥಾಪಿಸಿತು. ಅದು ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಮಳೆಯನ್ನು ಅಳೆಯುತ್ತಿದೆ.

ಕಲಿತರೆ ಏನಾದೀತೆಂಬುದಕ್ಕೆ ಒಡಿಶಾ ಸಾಕ್ಷಿ. ೧೯೯೯ರ ಅಕ್ಟೋಬರ್ ೨೯ರ ಮಹಾಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ರಾಜ್ಯವು ಪ್ರತ್ಯೇಕ ಪ್ರಾಧಿಕಾರವನ್ನು ರಚಿಸಿ, ಆಶ್ರಯಗೃಹಗಳನ್ನು ಕಟ್ಟಿ, ಹಳ್ಳಿಹಳ್ಳಿಯ ಸ್ವಯಂಸೇವಕರಿಗೆ ಶಿಕ್ಷಣ ಕೊಟ್ಟಿತು. ೨೦೧೩ರ ‘ಫೈಲಿನ್’ ಬಂದಾಗ ಸುಮಾರು ಹತ್ತು ಲಕ್ಷ, ೨೦೧೯ರ ‘ಫನಿ’ ಬಂದಾಗ ಸುಮಾರು ಹನ್ನೆರಡು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿತು. ಸಾವುಗಳು ಹತ್ತುಗಳ ಎಣಿಕೆಗೆ ಇಳಿದವು. ಗಾಳಿಯ ಕ್ರೌರ್ಯ ಕಡಿಮೆಯಾಗಿರಲಿಲ್ಲ, ಆಡಳಿತ ಕಲಿತಿತ್ತು. ೨೦೦೫ರ ವಿಪತ್ತು ನಿರ್ವಹಣ ಕಾಯಿದೆಯಿಂದ ದೇಶಕ್ಕೆಲ್ಲ ಒಂದು ವ್ಯವಸ್ಥೆ ದೊರೆತಿದೆ. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ಈ ವಿಷಯದ ಸ್ನಾತಕೋತ್ತರ ಶಿಕ್ಷಣವೂ ನಡೆದುಬಂದಿದೆ.

ಭಾಷೆಯನ್ನು ಬೋಧಿಸುವವನ ದೃಷ್ಟಿಯಿಂದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಈ ಶಾಸ್ತ್ರದಲ್ಲಿ ಎಚ್ಚರಿಕೆಯ ಸಂದೇಶವನ್ನು ಕುರಿತ ಅಧ್ಯಯನವೇ ಒಂದು ದೊಡ್ಡ ಶಾಖೆ. ಎಚ್ಚರಿಕೆ ಕೇಳಿದೊಡನೆ ಜನ ಹೊರಡುವುದಿಲ್ಲ. ನೆರೆಯವರನ್ನು ವಿಚಾರಿಸಿ, ನಂಬಿಕೆ ಬಂದಮೇಲೆ ಹೊರಡುತ್ತಾರೆ. ಹೇಳುವವರು ಯಾರು, ಬರುವ ಅಪಾಯವೇನು, ಎಲ್ಲಿಗೆ, ಎಷ್ಟು ಹೊತ್ತಿಗೆ, ಮಾಡಬೇಕಾದುದೇನು ಎಂಬ ಐದೂ ಸ್ಪಷ್ಟವಾಗಿರಬೇಕು. ನಮ್ಮ ಕಚೇರಿಗಳ ಕನ್ನಡದಲ್ಲಿ ಬರೆದ ಪ್ರಕಟಣೆಯನ್ನು ಹೊಳೆದಂಡೆಯ ರೈತನು ಓದಿಸಿ ಕೇಳಿದರೆ, ಈ ಐದರಲ್ಲಿ ಎಷ್ಟು ಅವನಿಗೆ ತಿಳಿದಾವು? ‘ಜಲಾಶಯದ ಹೊರಹರಿವು ಹೆಚ್ಚುವ ಸಂಭವವಿರುವುದರಿಂದ ಸಂಬಂಧಪಟ್ಟವರು ಸೂಕ್ತ ಮುನ್ನೆಚ್ಚರಿಕೆ ವಹಿಸತಕ್ಕದ್ದು’ ಎಂಬಂಥ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಆದರೆ ದನವನ್ನು ಈ ರಾತ್ರಿಯೇ ಬಿಚ್ಚಬೇಕೇ, ನಾಳೆಯೇ ಎಂಬುದು ಅದರಲ್ಲಿಲ್ಲ.

ಆಡಳಿತವನ್ನು ಓದಲು ಹೊರಡುವ ನಮ್ಮ ತರುಣ ತರುಣಿಯರು ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಈ ವಿದ್ಯೆ ಧೈರ್ಯವನ್ನು ಕಲಿಸಲಾರದು. ಕೋಲ್‌ಮನ್ನನಿಗೆ ಅದನ್ನು ಯಾವ ವಿಶ್ವವಿದ್ಯಾನಿಲಯವೂ ಕಲಿಸಿರಲಿಲ್ಲ. ಆದರೆ ಅಂಥ ಧೈರ್ಯವಂತರು ಎಲ್ಲ ಊರುಗಳಲ್ಲಿಯೂ ಇದ್ದಾರೆ, ಅವರನ್ನು ಹೆದರಿದ ಮಂದೆಯೆಂದು ಅಟ್ಟದೆ, ಅವರ ಕೈಗೆ ಸುದ್ದಿಯನ್ನೂ ಹಗ್ಗವನ್ನೂ ವೇಳೆಗೆ ಸರಿಯಾಗಿ ತಲುಪಿಸುವುದೇ ಅಧಿಕಾರಿಯ ಕೆಲಸ ಎಂಬುದನ್ನು ಅದು ಕಲಿಸಬಲ್ಲುದು. ಹಡಗಿನಲ್ಲಿರುವುದೇನೆಂದು ಕಿಟಕಿಯ ಬಳಿ ನಿಂತವರಿಗೂ ಮೊದಲೇ ತಿಳಿಸುವ ಆಡಳಿತಗಾರರು ನಮಗೆ ಬೇಕಾಗಿದ್ದಾರೆ.