ರವೆ ತಿಂದು ಇರುವೆ ಸಾಯುವುದಿಲ್ಲ

ಬೆಂಡೆಗಿಡದ ಬುಡದಲ್ಲಿ ಕಳೆ ಕೀಳುವಾಗ ಕೈಗೆ ಉರಿ ಹತ್ತಿದ ಮೇಲೆಯೇ ಅಲ್ಲಿ ಇರುವೆ ಗೂಡಿದೆ ಎಂದು ಗೊತ್ತಾಗುವುದು. ಆಮೇಲೆ ಸಲಹೆಗಳಿಗೆ ಬರವಿಲ್ಲ. ದಾವಣಗೆರೆಯ ವಿದ್ಯಾನಗರದ ಹಿತ್ತಲಿರಲಿ, ಹರಿಹರದ ಹೊಳೆದಂಡೆಯ ತರಕಾರಿ ಮಡಿಯಿರಲಿ, ಒಬ್ಬರು ರವೆ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಸೀಮೆಎಣ್ಣೆ ಸುರಿಯಿರಿ ಅನ್ನುತ್ತಾರೆ, ಮತ್ತೊಬ್ಬರು ಗೊಬ್ಬರದಂಗಡಿಯ ಗುಳಿಗೆ ತೋರಿಸುತ್ತಾರೆ. ಇವುಗಳಲ್ಲಿ ಕೆಲವು ಬರೀ ಕಾಲಹರಣ. ಕೆಲವು ಇರುವೆಗಿಂತ ಹೆಚ್ಚು ಅಪಾಯ.

ಮೊದಲನೆಯ ತಪ್ಪು, ಕಚ್ಚುವ ಕೆಂಪಿರುವೆಗಳೆಲ್ಲ ಒಂದೇ ಎಂಬುದು. ಮಾವು, ಸಪೋಟ ಗಿಡದ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಜಿಗವೇ ಬೇರೆ. ಮಲೆನಾಡಿನವರು ಚಟ್ನಿ ಅರೆಯುವ ಚಗಳಿ ಅದೇ. ಅದಕ್ಕೆ ಚುಚ್ಚುವ ಕೊಂಡಿ ಇಲ್ಲ. ದವಡೆಯಲ್ಲಿ ಕಚ್ಚಿ, ಗಾಯದ ಮೇಲೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಚಟ್ನಿಯ ಹುಳಿಯೂ ಆ ಆಮ್ಲದ್ದೇ. ತರಕಾರಿ ಮಡಿಯಲ್ಲಿ, ಬದುವಿನಲ್ಲಿ, ಡ್ರಿಪ್ ಪೈಪಿನ ಪಕ್ಕದಲ್ಲಿ ಸಡಿಲ ಮಣ್ಣಿನ ಗುಡ್ಡೆ ಹಾಕಿ ಬದುಕುವುದು ಬಹುಮಟ್ಟಿಗೆ ಸೊಲೆನಾಪ್ಸಿಸ್ ಜೆಮಿನೇಟಾ ಎಂಬ ಜಾತಿಯ ಇರುವೆ. ಅದು ದವಡೆಯಿಂದ ಚರ್ಮ ಹಿಡಿದುಕೊಂಡು, ಹಿಂಬದಿಯ ಕೊಂಡಿಯಿಂದ ಚುಚ್ಚುತ್ತದೆ. ಇದು ನಮ್ಮ ಮೂಲದ್ದೂ ಅಲ್ಲ. 16ನೇ ಶತಮಾನದಲ್ಲಿ ಮೆಕ್ಸಿಕೋದಿಂದ ಮನಿಲಾಕ್ಕೆ ಹೋಗುತ್ತಿದ್ದ ಸ್ಪೇನಿನ ಹಡಗುಗಳಲ್ಲಿ ಸಾಗರ ದಾಟಿ, ಅಲ್ಲಿಂದ ಉಷ್ಣವಲಯದ ನಾಡುಗಳಿಗೆಲ್ಲ ಹಬ್ಬಿತು ಎಂದು ವಂಶವಾಹಿ ಅಧ್ಯಯನ ಹೇಳುತ್ತದೆ. ಮೆಣಸಿನಕಾಯಿಯೂ ಅದೇ ಖಂಡದಿಂದ ಬಂದದ್ದು. ಈಗ ಮೆಣಸಿನಗಿಡದ ಬುಡದಲ್ಲೇ ಈ ಇರುವೆಯ ಸಂಸಾರ.

“ಇರುವೆ ಕಚ್ಚುತ್ತದೆ ಅಷ್ಟೆ, ಗಿಡಕ್ಕೇನೂ ಮಾಡಲ್ಲ” ಎನ್ನುವವರಿದ್ದಾರೆ. “ಇರುವೆ ಬೇರು ತಿಂದೇ ಗಿಡ ಒಣಗಿತು” ಎನ್ನುವವರೂ ಇದ್ದಾರೆ. ಎರಡೂ ಅರ್ಧ ಮಾತು. ಈ ಇರುವೆಗೆ ಬೀಜ ಪ್ರಿಯ. ಇದರ ಕೆಲಸಗಾರರಲ್ಲಿ ದೊಡ್ಡ ತಲೆಯ ಒಂದು ವರ್ಗವೇ ಇದ್ದು, ಬೀಜ ಒಡೆಯುವುದು ಅವುಗಳ ಕಸುಬು. ನೀವು ಉದುರಿಸಿದ ಸೊಪ್ಪಿನ ಬೀಜ ಮೊಳೆಯಲಿಲ್ಲವೆಂದರೆ ಅಂಗಡಿಯವನನ್ನು ಬೈಯುವ ಮೊದಲು ಮಡಿಯ ಅಂಚನ್ನೊಮ್ಮೆ ನೋಡಿ. ಎಳೆಯ ಕಾಂಡ, ಮೊಗ್ಗು, ಗೆಡ್ಡೆ ಕೆರೆಯುವುದೂ ಉಂಟು. ಬೆಂಗಳೂರಿನಲ್ಲಿ ಆಲೂಗಡ್ಡೆಗೆ ಇದು ಮಾಡಿದ ಹಾನಿಯನ್ನು ಕೀಟವಿಜ್ಞಾನಿಗಳು 1996ರಲ್ಲೇ ದಾಖಲಿಸಿದ್ದಾರೆ. ಆದರೆ ಇದೇ ಇರುವೆ ಹುಳುಗಳ ಮೊಟ್ಟೆ, ಮರಿ, ಕೋಶಗಳನ್ನೂ ಹೊತ್ತೊಯ್ಯುತ್ತದೆ. 2018ರಿಂದ ನಮ್ಮ ಮೆಕ್ಕೆಜೋಳದ ಸುಳಿ ತಿನ್ನುತ್ತಿರುವ ಸೈನಿಕ ಹುಳುವನ್ನು ನಿಕರಾಗುವಾದ ಹೊಲಗಳಲ್ಲಿ ಬೇಟೆಯಾಡುವ ಜೀವಿಗಳಲ್ಲಿ ಇದೂ ಒಂದು. ಆದ್ದರಿಂದ ತೋಟದ ಇರುವೆಯನ್ನೆಲ್ಲ ನಿರ್ನಾಮ ಮಾಡುವ ಹಟ ಬೇಡ. ಕೈ ಹಾಕುವ ಕಡೆ, ಬೀಜ ಬಿತ್ತುವ ಕಡೆ ಇರುವ ಗೂಡಿನದಷ್ಟೇ ನಮ್ಮ ತಕರಾರು.

ಗಿಡ ಮುರುಟಿ, ಎಲೆ ಅಂಟಂಟಾಗಿ, ಕಾಂಡದ ಮೇಲೆ ಇರುವೆ ಸಾಲು ಹತ್ತಿಳಿಯುತ್ತಿದ್ದರೆ ಎಲೆಯ ಹಿಂಬದಿ ತಿರುಗಿಸಿ ನೋಡಿ. ಸಸ್ಯಹೇನೋ ಹಿಟ್ಟು ತಿಗಣೆಯೋ ಕೂತಿರುತ್ತದೆ. ರಸ ಹೀರುವುದು ಅವು. ಅವು ವಿಸರ್ಜಿಸುವ ಸಿಹಿ ಅಂಟಿಗೆ ಬರುವುದು ಇರುವೆ. ಹಸು ಕಾಯುವವರಂತೆ ಈ ಇರುವೆಗಳು ಹೇನುಗಳನ್ನು ಗುಲಗಂಜಿ ಹುಳು ಮುಂತಾದ ಶತ್ರುಗಳಿಂದ ಕಾಯುತ್ತವೆ. ಇಲ್ಲಿ ಇರುವೆಗೆ ಔಷಧಿ ಹೊಡೆದು ಹೇನನ್ನು ಬಿಟ್ಟರೆ ನಾಳೆ ಇನ್ನೊಂದು ಸಾಲು ಬರುತ್ತದೆ. ನೀರು ಜೋರಾಗಿ ಚಿಮ್ಮಿಸಿ ಹೇನು ಉದುರಿಸಿ, ಸಂಜೆ ಹೊತ್ತು ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ತುಸು ಸೋಪು ಕಲಸಿ ಎಲೆಯ ಅಡಿಗೆ ಸಿಂಪಡಿಸಿ. ಹೇನು ಹೋದರೆ ಆ ಗಿಡ ಹತ್ತಲು ಇರುವೆಗೆ ಕಾರಣವೇ ಉಳಿಯುವುದಿಲ್ಲ.

ಇನ್ನು ರವೆ. ಒಣ ರವೆ ತಿಂದ ಇರುವೆ ನೀರು ಕುಡಿದು, ಹೊಟ್ಟೆ ಉಬ್ಬಿ ಒಡೆದು ಸಾಯುತ್ತದೆ ಎಂಬ ನಂಬಿಕೆ ಕೇಳಲು ಚೆನ್ನಾಗಿದೆ. ಆದರೆ ಬೆಳೆದ ಇರುವೆ ಗಟ್ಟಿ ಆಹಾರ ನುಂಗಲಾರದು! ಬಾಯೊಳಗಿನ ಪುಟ್ಟ ಚೀಲದಲ್ಲಿ ತುಣುಕುಗಳನ್ನು ಸೋಸಿ, ದ್ರವವನ್ನಷ್ಟೇ ಒಳಗೆ ಬಿಡುತ್ತದೆ. ಗಟ್ಟಿ ಪದಾರ್ಥ ಗೂಡಿನ ಮರಿಗಳಿಗೆ ಹೋಗುತ್ತದೆ. ಅವು ಅದನ್ನು ಕರಗಿಸಿ ಅರಗಿಸಿಕೊಳ್ಳುತ್ತವೆ. ಅಂದರೆ ರವೆ ಚೆಲ್ಲಿದವರು ಗೂಡಿಗೆ ದಿನಸಿ ಕಳಿಸಿದ ಹಾಗಾಯಿತು. ಇರುವೆ ಒಂದೆರಡು ದಿನದಲ್ಲಿ ಕಾಣೆಯಾದರೆ ಅದು ಬೇರೆಡೆ ಮನೆ ಮಾಡಿದೆ ಎಂದೇ ತಿಳಿಯಿರಿ. ಅರಿಸಿನ, ಇಂಗು, ಬೂದಿಯ ಕಥೆಯೂ ಹತ್ತಿರ ಹತ್ತಿರ ಇದೇ. ಒಣಗಿರುವತನಕ ಸಾಲು ತಪ್ಪಿಸುತ್ತವೆ, ಒಂದು ಸಲ ನೀರು ಹಾಯಿಸಿದರೆ ಮುಗಿಯಿತು. ಸೀಮೆಎಣ್ಣೆ ಮಣ್ಣನ್ನು ಕೆಡಿಸುತ್ತದೆ, ಅಷ್ಟೆ.

ನಿಜವಾಗಿ ಹೆದರಬೇಕಾದ್ದು ಪುಡಿ ಮತ್ತು ಗುಳಿಗೆಗೆ. ಹಿಂದಿನವರು ಕೈಯಲ್ಲೇ ಎರಚುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ದೇಶದಲ್ಲಿ 1997ರಲ್ಲೇ ನಿಷೇಧಿಸಲಾಯಿತು. ಮಿಥೈಲ್ ಪ್ಯಾರಾಥಿಯಾನ್ 2018ರಲ್ಲಿ ಹೋಯಿತು. ಥಿಮೆಟ್ ಎಂದೇ ಎಲ್ಲರೂ ಕರೆಯುವ ಫೋರೇಟ್ ಗುಳಿಗೆಯ ಬಳಕೆ 2020ರ ಡಿಸೆಂಬರ್ 31ರಿಂದ ನಿಷಿದ್ಧ. ಆದರೂ “ಹಳೇ ಡಬ್ಬಿಯಲ್ಲಿ ಸ್ವಲ್ಪ ಉಳಿದಿದೆ, ಬುಡಕ್ಕೆ ಹಾಕಿ” ಎನ್ನುವ ಮಾತು ನಿಂತಿಲ್ಲ. ಫೋರೇಟನ್ನು ಗಿಡ ಬೇರಿನಿಂದ ಹೀರಿಕೊಳ್ಳುತ್ತದೆ. ಇರುವೆಗೆಂದು ಬದನೆ ಬುಡಕ್ಕೆ ಹಾಕಿದ್ದು ಎಣ್ಣೆಗಾಯಿಯ ತಟ್ಟೆಗೆ ಬರುವ ದಾರಿ ಅದು. ಗೆರೆ ಎಳೆಯುವ ಇರುವೆ ಚಾಕ್‌ಪೀಸ್ ಕೂಡ ಬರೀ ಸುಣ್ಣದ ಕಡ್ಡಿಯಲ್ಲ, ಅದರಲ್ಲಿ ಕೀಟನಾಶಕ ಇದೆ. ಕೊಯ್ಯುವ ಸೊಪ್ಪಿನ ಪಕ್ಕ ಅದಕ್ಕೆ ಜಾಗವಿಲ್ಲ.

ಹಾಗಾದರೆ ಗೂಡಿಗೆ ಏನು ಮಾಡುವುದು? ಗಿಡಗಳಿಂದ ದೂರ ಇರುವ ಗುಡ್ಡೆಗೆ ಕುದಿಯುವ ನೀರು ನಡೆಯುತ್ತದೆ. ಬೆಳಗಿನ ಎಳೆಬಿಸಿಲಿಗೆ ಇರುವೆ ಮೇಲಕ್ಕೆ ಬಂದಿರುವಾಗ ಹತ್ತು ಲೀಟರಿನಷ್ಟು ನಿಧಾನವಾಗಿ ಸುರಿಯಬೇಕು. ಅಮೆರಿಕದ ಕೃಷಿ ವಿಸ್ತರಣಾ ಸಲಹೆಗಳ ಪ್ರಕಾರ ಇದು ಯಶಸ್ವಿಯಾಗುವುದು ನೂರಕ್ಕೆ ಅರವತ್ತು ಗೂಡುಗಳಲ್ಲಿ. ರಾಣಿ ಆಳದಲ್ಲಿ ಉಳಿದರೆ ಮತ್ತೆ ಮಾಡಬೇಕು. ಗಿಡದ ಬುಡದಲ್ಲೇ ಗೂಡಿದ್ದರೆ ಬಿಸಿನೀರು ಬೇರನ್ನೂ ಬೇಯಿಸುತ್ತದೆ. ಅಲ್ಲಿ ಬೇಕಾದ್ದು ನಿಧಾನ ವಿಷ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಸಕ್ಕರೆ, 5 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಹತ್ತಿಯಲ್ಲಿ ಅದ್ದಿ, ತೂತು ಕೊರೆದ ಮುಚ್ಚಳದ ಡಬ್ಬಿಯಲ್ಲಿಟ್ಟು ಸಾಲಿನ ಪಕ್ಕ ಇಡಿ. ಬೇಗ ಸಾಯಲಿ ಎಂದು ಪುಡಿ ಹೆಚ್ಚು ಹಾಕುವುದೇ ಎಲ್ಲರೂ ಮಾಡುವ ಎಡವಟ್ಟು. ಕೆಲಸಗಾರ ಇರುವೆ ದಾರಿಯಲ್ಲೇ ಸತ್ತರೆ ರಾಣಿಗೆ ತುತ್ತು ಮುಟ್ಟುವುದಿಲ್ಲ. ವಾರಗಟ್ಟಲೆ ಕಾಯಬೇಕು. ಡಬ್ಬಿ ಮಕ್ಕಳ, ನಾಯಿಯ ಕೈಗೆ ಸಿಗಬಾರದು, ಮಣ್ಣಿಗೆ ಚೆಲ್ಲಬಾರದು. ಬೋರಾನ್ ಹೆಚ್ಚಾದರೆ ಗಿಡವೇ ಸುಡುತ್ತದೆ. ಸಸಿಯ ಟ್ರೇಗಳಿಗೆ ಇಷ್ಟೆಲ್ಲ ಬೇಡ, ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರೆ ಸಾಕು. ದೊಡ್ಡ ತೋಟದವರು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ಮುಂದುವರಿಯುವುದು ಒಳ್ಳೆಯದು.

ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚುವ ರೂಢಿ ಹಳೆಯದು. ಇರುವೆ ವಿಷ ಆಮ್ಲ, ಸುಣ್ಣ ಕ್ಷಾರ, ಒಂದನ್ನೊಂದು ತಣಿಸುತ್ತವೆ ಎಂಬುದು ಅದರ ಹಿಂದಿನ ತರ್ಕ. ಕೆಂಜಿಗದ ಮಟ್ಟಿಗೆ ಆ ತರ್ಕಕ್ಕೆ ಒಂದಿಷ್ಟು ಆಧಾರವುಂಟು. ಈ ನೆಲದ ಇರುವೆಯ ವಿಷದಲ್ಲಿ ಬಹುಪಾಲು ಆಲ್ಕಲಾಯ್ಡ್‌ಗಳು, ಫಾರ್ಮಿಕ್ ಆಮ್ಲವಲ್ಲ. ಸುಣ್ಣ, ಅಡುಗೆ ಸೋಡಾ ಎರಡೂ ಅದಕ್ಕೆ ನಾಟುವುದಿಲ್ಲ. ಸುಣ್ಣ ಚರ್ಮವನ್ನು ಇನ್ನಷ್ಟು ಸುಡುತ್ತದೆ. ಹಿಡಿದುಕೊಂಡ ಇರುವೆ ನೀರಿಗೆ ಬಿಡುವುದಿಲ್ಲವಾದ್ದರಿಂದ ಮೊದಲು ಕೈಯಿಂದ ಜೋರಾಗಿ ಒರೆಸಿ ತೆಗೆಯಿರಿ, ಆಮೇಲೆ ಸೋಪು ನೀರಲ್ಲಿ ತೊಳೆದು ಐಸ್ ಒತ್ತಿ. ಮರುದಿನ ಕೀವಿನಂಥ ಗುಳ್ಳೆ ಎದ್ದರೆ ಚಿವುಟಬೇಡಿ, ಒಡೆದರೆ ಸೋಂಕು ತಗಲುವುದು ಅಲ್ಲೇ. ಮೈಯೆಲ್ಲ ದದ್ದು, ಮುಖ ಊತ, ಉಸಿರಾಟಕ್ಕೆ ತೊಂದರೆ, ತಲೆಸುತ್ತು ಕಾಣಿಸಿದರೆ ಮಾತ್ರ ಮನೆಮದ್ದು ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಿ.